ಖರ್ಚಿನ ಆಜ್ಞೆಯ ಪುನರ್ವಿಚಾರಣೆ: ಒಂದು ವಿಮರ್ಶೆ

ದಾವೆಯ ತೀರ್ಪಿನ ಕೊನೆಗೆ, ಯಾರ ಖರ್ಚನ್ನು ಯಾರು ಕೊಡತಕ್ಕದ್ದೆಂದು ವಿಧಿಸುವ ಒಂದೆರಡು ಸಾಲುಗಳಿರುತ್ತವೆ. ಇತಿಹಾಸದ ಅಭ್ಯಾಸಿಗಳು ಇವನ್ನು ಓದುವುದು ವಿರಳ. ಆದರೆ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಸ್ಥಾನವು ತಾನು ಕೊಟ್ಟ ತೀರ್ಪನ್ನು ತಾನೇ ರದ್ದುಪಡಿಸಬಹುದೆಂಬ ತತ್ತ್ವಕ್ಕೆ ಆಧಾರವಾಗಿ ಒದಗಿದುದು ಇಂಥದೊಂದು ಖರ್ಚಿನ ಆಜ್ಞೆ. ಆ ಆಜ್ಞೆ ಹುಟ್ಟಿದ ವ್ಯಾಜ್ಯವಾದರೋ ಒಂದು ಇತಿಹಾಸಗ್ರಂಥವನ್ನು ಕುರಿತದ್ದು.

೧೯೪೨ರ ಜುಲೈ ತಿಂಗಳಿನಲ್ಲಿ ರಷ್ಯಕ್ಕೆ ಯುದ್ಧಸಾಮಗ್ರಿಯನ್ನು ಸಾಗಿಸುತ್ತಿದ್ದ ಪಿ.ಕ್ಯೂ. ೧೭ ಎಂಬ ನೌಕಾಸಮೂಹವು ಚದುರಿಹೋಗಬೇಕೆಂದು ಬ್ರಿಟಿಷ್ ನೌಕಾಖಾತೆಯಿಂದ ಅಪ್ಪಣೆ ಬಂದಿತು. ರಕ್ಷಣೆ ತಪ್ಪಿದ ಹಡಗುಗಳಲ್ಲಿ ಬಹುಭಾಗ ಶತ್ರುವಿನ ಪಾಲಾದವು. ೧೯೬೮ರಲ್ಲಿ ಪ್ರಕಟವಾದ ಡೇವಿಡ್ ಇರ್ವಿಂಗನ ಪುಸ್ತಕವು ಬೆಂಗಾವಲು ದಳದ ನಾಯಕರಾಗಿದ್ದ ಕ್ಯಾಪ್ಟನ್ ಬ್ರೂಮ್ ಅವರ ಮೇಲೆ ದೋಷ ಹೊರಿಸಿತು. ಬ್ರೂಮ್ ಮಾನನಷ್ಟದ ದಾವೆ ಹೂಡಿದರು. ೧೯೭೦ರಲ್ಲಿ ಜ್ಯೂರಿಯು ಅವರಿಗೆ ೪೦,೦೦೦ ಪೌಂಡುಗಳನ್ನು ಕೊಡಿಸಿತು. ಅದರಲ್ಲಿ ೨೫,೦೦೦ ದಂಡರೂಪದ್ದು. (ಇತಿಹಾಸಕಾರನು ಬದುಕಿರುವವರ ಬಗ್ಗೆ ಬರೆಯುವಾಗ ಹೊರಬೇಕಾದ ಹೊಣೆ ಬೇರೆಯೇ ಲೇಖನದ ವಸ್ತು.) ಪ್ರಕಾಶಕರಾದ ಕ್ಯಾಸೆಲ್ ಸಂಸ್ಥೆಯ ಮೇಲ್ಮನವಿಯನ್ನು ಪ್ರಭುಸಭೆ ೧೯೭೨ರಲ್ಲಿ ವಜಾಮಾಡಿ, ಖರ್ಚಿನ ಬಗ್ಗೆಯೂ ಆಜ್ಞೆ ಮಾಡಿತು. ಆದರೆ ಆ ಅಂಶವನ್ನು ಕುರಿತು ವಾದಿಸಲು ಪಕ್ಷಗಾರರಿಗೆ ಸರಿಯಾದ ಅವಕಾಶ ದೊರೆತಿರಲಿಲ್ಲ. ಆ ಕಾರಣದಿಂದಲೇ ಸಭೆ ತನ್ನ ಆಜ್ಞೆಯನ್ನು ಮಾರ್ಪಡಿಸಿತು.

ಈ ಸಣ್ಣ ಸಂಗತಿ ಇಪ್ಪತ್ತಾರು ವರ್ಷ ಮಲಗಿತ್ತು. ೧೯೯೮ರ ನವೆಂಬರಿನಲ್ಲಿ, ಚಿಲಿ ದೇಶದ ಮಾಜಿ ಅಧ್ಯಕ್ಷ ಪಿನೊಷೆಗೆ ಬಂಧನದಿಂದ ವಿನಾಯಿತಿಯಿಲ್ಲವೆಂದು ಪ್ರಭುಸಭೆ ಮೂರಕ್ಕೆ ಎರಡು ಮತಗಳಿಂದ ತೀರ್ಮಾನಿಸಿತು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್ನರಿಗೆ, ಮೊಕದ್ದಮೆಯಲ್ಲಿ ಪ್ರವೇಶಿಸಿದ್ದ ಆಮ್ನೆಸ್ಟಿ ಸಂಸ್ಥೆಯೊಡನೆ ಸಂಬಂಧವಿದ್ದುದು ಬಳಿಕ ಬಯಲಾಯಿತು. ಡಿಸೆಂಬರಿನಲ್ಲಿ ತೀರ್ಮಾನ ರದ್ದಾಯಿತು. ಅಂಥ ಅಧಿಕಾರಕ್ಕೆ ಪೂರ್ವನಿದರ್ಶನವೆಲ್ಲಿ? ೧೯೯೯ರ ಜನವರಿಯಲ್ಲಿ ಕಾರಣಗಳನ್ನು ವಿವರಿಸಿದ ಲಾರ್ಡ್ ಬ್ರೌನ್-ವಿಲ್ಕಿನ್ಸನ್ನರು ಬೆರಳಿಟ್ಟು ತೋರಿಸಿದುದು ಬ್ರೂಮ್ ಪ್ರಕರಣದ ಖರ್ಚಿನ ಆಜ್ಞೆಯನ್ನು. ಹಿಂದಿನ ಆಜ್ಞೆ ತಪ್ಪೆಂದು ಈಗ ತೋರಿದ ಮಾತ್ರಕ್ಕೆ ಅದನ್ನು ತೆರೆಯಲಾಗದು. ತನ್ನ ತಪ್ಪಿಲ್ಲದೆ ಪಕ್ಷಗಾರನು ಅನ್ಯಾಯದ ವಿಚಾರಣಾಕ್ರಮಕ್ಕೆ ಗುರಿಯಾಗಿದ್ದರೆ ಮಾತ್ರ ತೆರೆಯಬಹುದು ಎಂದು ಅವರು ಎಲ್ಲೆ ಹಾಕಿದರು. ಖರ್ಚನ್ನು ತಿದ್ದಿದರೆ ತೀರ್ಪು ಕದಲುವುದಿಲ್ಲ. ತೀರ್ಪನ್ನೇ ತೆಗೆದುಹಾಕುವುದು ಬಹು ದೊಡ್ಡ ಹೆಜ್ಜೆ. ಈ ಅಂತರವನ್ನು ಅವರು ಒಂದು ವಾಕ್ಯದಲ್ಲಿ ದಾಟಿಬಿಟ್ಟರೆಂಬುದು ನನ್ನ ಆಕ್ಷೇಪ. ಎಲ್ಲೆಯಾದರೋ ಸರಿಯಾದದ್ದೇ.

೨೦೧೨ರ ಟಿಬಲ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯದ ಮುಂದೆ ಬಂದುದು ಕೆಳಗಿನ ಕೋರ್ಟುಗಳ ಅಧಿಕಾರ. ಅಲ್ಪಮೊತ್ತದ ದಾವೆಗಳ ವರ್ಗದಿಂದ ಮೇಲಿನ ವರ್ಗಕ್ಕೆ ದಾವೆಯನ್ನು ವರ್ಗಾಯಿಸುವಾಗ, ಅದುವರೆಗಿನ ಖರ್ಚಿನ ವಿಷಯವನ್ನು ಎಲ್ಲರೂ ಮರೆತಿದ್ದರು. ಮುಂದೆ ಆಜ್ಞೆಯನ್ನು ತಿದ್ದಬೇಕೆಂಬ ಬೇಡಿಕೆ ಬಂದಿತು. ಪರಿಸ್ಥಿತಿ ಗಣನೀಯವಾಗಿ ಬದಲಾಗಿದ್ದರೆ, ಇಲ್ಲವೆ ಆಜ್ಞೆಗೆ ಆಧಾರವಾದ ಸಂಗತಿಗಳು ತಪ್ಪಾಗಿ ನಿರೂಪಿತವಾಗಿದ್ದರೆ ಸಾಮಾನ್ಯವಾಗಿ ತಿದ್ದುಪಡಿಗೆ ಎಡೆಯುಂಟು. ಬೇಡಿಕೆ ಬೇಗನೆ ಬರಬೇಕು ಎಂದು ನ್ಯಾಯಮೂರ್ತಿ ರಿಕ್ಸ್ ಹೇಳಿದರು. ಬೇಡಿಕೆ ನಿರಾಕೃತವಾಯಿತು. ಮರೆವು ಅನ್ಯಾಯವಲ್ಲವೆಂಬುದನ್ನು ಒಪ್ಪೋಣ. ಆದರೆ ನ್ಯಾಯಾಧೀಶರೂ ಮರೆತಿದ್ದಾಗ ನಷ್ಟವೆಲ್ಲ ಕಕ್ಷಿಗಾರನದಾಗುವುದು ನ್ಯಾಯವೆನಿಸದು. ಇಂಥಲ್ಲಿ ಬೇಡಿಕೆ ಎಷ್ಟು ಬೇಗ ಬಂದಿತೆಂಬುದಕ್ಕೇ ಹೆಚ್ಚು ತೂಕ ಸಲ್ಲಬೇಕು.

ನಮ್ಮ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೪೭ನೆಯ ಆದೇಶವು ಪುನರ್ವಿಮರ್ಶೆಗೆ ಮೂರು ದ್ವಾರಗಳನ್ನಿಟ್ಟಿದೆ: ಹೊಸ ಸಾಕ್ಷ್ಯ, ದಾಖಲೆಯ ಮೇಲೆಯೇ ಕಾಣುವ ತಪ್ಪು, ಇತರ ಸಾಕಾದ ಕಾರಣ. ಮೂರನೆಯದೂ ಮೊದಲೆರಡನ್ನು ಹೋಲಬೇಕೆಂದು ಪ್ರಿವಿ ಕೌನ್ಸಿಲ್ ೧೯೨೨ರ ಛಜ್ಜು ರಾಮ್ ಪ್ರಕರಣದಲ್ಲಿ ದ್ವಾರವನ್ನು ಕಿರಿದುಮಾಡಿತು. ಇದರ ಪಕ್ಕದಲ್ಲಿ ೩೫ನೆಯ ಕಲಮನ್ನು ಇಟ್ಟು ನೋಡಬೇಕು. ಗೆದ್ದವನಿಗೆ ಖರ್ಚು ಕೊಡಿಸದಿದ್ದರೆ ಕೋರ್ಟು ಕಾರಣಗಳನ್ನು ಬರೆಯತಕ್ಕದ್ದು. ಕೊಡಿಸಿದರೆ ಬರೆಯಬೇಕೆಂದು ಆ ಕಲಮು ವಿಧಿಸುವುದಿಲ್ಲ. ಹೀಗಾಗಿ, ವಾದಕ್ಕೆ ಅವಕಾಶವಿಲ್ಲದೆ ಖರ್ಚು ತೆರಬೇಕಾಗಿ ಬಂದ ಸೋತ ಪಕ್ಷಗಾರನು ದಾಖಲೆಯ ಮೇಲೆ ಕಾಣುವ ತಪ್ಪನ್ನು ತೋರಿಸಹೊರಟರೆ, ದಾಖಲೆಯಲ್ಲಿ ಅವನಿಗೆ ಸಿಕ್ಕುವುದು ‘ಖರ್ಚಿನೊಡನೆ ವಜಾ’ ಎಂಬ ಎರಡು ಪದಗಳಷ್ಟೆ.