ನೆನೆಸುವುದಕ್ಕಿಂತ ಬೇಯಿಸುವುದು ದೊಡ್ಡದು

ಕೊಡವರ ಹಂದಿ ಮಾಂಸದ ಅಡುಗೆ ಪಂದಿಕರಿಯ ಹೆಸರು ಕೊಡಗಿನ ಗಡಿ ದಾಟಿ ಬಹಳ ದೂರ ಹೋಗಿದೆ. ಬೆಂಗಳೂರಿನ ಹೋಟೆಲುಗಳಲ್ಲಿ, ಹೋಮ್‌ಸ್ಟೇಗಳ ಊಟದ ಮೇಜಿನ ಮೇಲೆ, ಅಂಗಡಿಯ ಮಸಾಲೆ ಪೊಟ್ಟಣಗಳಲ್ಲಿ ಈಗ ಅದು ಸಿಗುತ್ತದೆ. ಹೆಸರಿನ ಜೊತೆಗೆ ಒಂದು ತಪ್ಪು ನಂಬಿಕೆಯೂ ಹರಡಿದೆ. ಮೂಳೆಯಿಲ್ಲದ, ನೆಣವಿಲ್ಲದ ದುಬಾರಿ ಮಾಂಸ ತರಬೇಕು, ಅದನ್ನು ಕಾಚಂಪುಳಿ ಎಂಬ ಕಪ್ಪು ಹುಳಿರಸದಲ್ಲಿ ರಾತ್ರಿಯಿಡೀ ನೆನೆಹಾಕಬೇಕು, ಮರುದಿನ ಬೇಗ ಬೇಯಿಸಿ ಇಳಿಸಬೇಕು ಎನ್ನುವುದು ಆ ನಂಬಿಕೆ. ಈ ಮೂರು ಮಾತೂ ಕೊಡಗಿನ ಹಳೆಯ ಅಡುಗೆಮನೆಯ ವಿವೇಕಕ್ಕೆ ವಿರುದ್ಧ. ಗಟ್ಟಿ ಮಾಂಸವನ್ನು ಚರ್ಮ, ನೆಣ, ಮೂಳೆ ಸಮೇತ ಸಾವಕಾಶವಾಗಿ ಪಳಗಿಸುವ ಕ್ರಮವೇ ಪಂದಿಕರಿ. ಅದರ ಗೆಲುವು ಇರುವುದು ಬೇಯಿಸುವುದರಲ್ಲಿ.

ಅಗ್ಗದ, ಗಟ್ಟಿಯಾದ ಮಾಂಸವನ್ನು ರಾತ್ರಿಯ ಊಟಕ್ಕೆ ರುಚಿಯಾಗಿ ಒದಗಿಸುವುದು ಹೇಗೆ ಎಂಬ ಪ್ರಶ್ನೆ ಲೋಕದ ಎಲ್ಲ ಅಡುಗೆಮನೆಗಳಿಗೂ ಇತ್ತು. ಜರ್ಮನಿಯವರು ದನದ ತೊಡೆಯ ಗಟ್ಟಿ ತುಂಡನ್ನು ದಿನಗಟ್ಟಲೆ ವಿನಿಗರ್‌ನಲ್ಲಿ ನೆನೆಸಿ ಸೌವರ್‌ಬ್ರಾಟನ್ ಮಾಡಿದರು. ಕೊಡವರ ಅಡುಗೆಯಲ್ಲಿ ದನದ ಮಾಂಸಕ್ಕೆ ಜಾಗವಿಲ್ಲ. ಆ ಪ್ರಶ್ನೆಗೆ ಅವರು ಹಂದಿಯಲ್ಲಿ ಉತ್ತರ ಕಂಡುಕೊಂಡರು. ಮೊದಲಿಗೆ ಅದು ಕಾಡುಹಂದಿ. ಗದ್ದೆಗೆ ನುಗ್ಗುವ ಹಂದಿಯನ್ನು ಬೇಟೆಯಾಡಿ, ಬೇಟೆಗೆ ಹೋದವರೆಲ್ಲ ಪಾಲು ಹಂಚಿಕೊಳ್ಳುತ್ತಿದ್ದ ಕಾಲದ ಅಡುಗೆ ಇದು. ಓಡಾಡಿ ಬೆಳೆದ ಪ್ರಾಣಿಯ ಮಾಂಸ ನಾರುನಾರಾಗಿರುತ್ತದೆ, ಬೇಗ ಬೇಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು. ಸಾಕಿದ ಹಂದಿ ಮಡಕೆಗೆ ಬಂತು. ಪ್ರಾಣಿ ಬದಲಾದರೂ ಅಡುಗೆಯ ಕ್ರಮ ಉಳಿಯಿತು. ಸಾಕುಹಂದಿಯ ದಪ್ಪ ನೆಣಕ್ಕೂ ಅದು ಹೊಂದಿಕೊಂಡದ್ದು ಆ ಕ್ರಮದ ಗಟ್ಟಿತನಕ್ಕೆ ಸಾಕ್ಷಿ.

ಹಾಗಾದರೆ ಯಾವ ತುಂಡು ಸರಿ? ಭಾನುವಾರ ಬೆಳಿಗ್ಗೆ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಹಂದಿ ಮಾಂಸದ ಅಂಗಡಿಯ ಮುಂದೆ ನಿಂತು ನೋಡಿ. ಹೊಸಬರು ಬರೀ ಮಾಂಸ ಕೇಳುತ್ತಾರೆ. ತಿಳಿದವರು ಹೊಟ್ಟೆಯ ಭಾಗ, ಪಕ್ಕೆಲುಬು, ಮುಂಗಾಲಿನ ಮೇಲಿನ ಭಾಗ ಕೇಳುತ್ತಾರೆ. ಚರ್ಮ ತೆಗೆಯಬೇಡಿ ಎಂದು ಹೇಳುವುದನ್ನು ಮರೆಯುವುದಿಲ್ಲ. ಒಂದೊಂದು ತುಂಡಿನಲ್ಲೂ ಮೇಲೆ ಕೂದಲು ಸುಟ್ಟು ಹೆರೆದ ಚರ್ಮ, ಕೆಳಗೆ ಬಿಳಿ ನೆಣ, ಅದರ ಕೆಳಗೆ ಮಾಂಸ ಇರಬೇಕು. ಚರ್ಮದಲ್ಲೂ ಮೂಳೆಯ ಸುತ್ತಲೂ ಇರುವ ಕೊಲಾಜನ್ ಎಂಬ ಗಟ್ಟಿ ಪದಾರ್ಥ ನಿಧಾನವಾದ ಬಿಸಿಗೆ ಕರಗಿ ಜೆಲಾಟಿನ್ ಆಗುತ್ತದೆ. ಸಾರು ತುಟಿಗೆ ಅಂಟುವಷ್ಟು ಗಟ್ಟಿಯಾಗುವುದು ಇದರಿಂದ. ಪಂದಿಕರಿಗೆ ತೆಂಗಿನಕಾಯಿ ಬೇಡವಾದದ್ದು ಈ ಕಾರಣಕ್ಕೇ. ಚರ್ಮ ತೆಗೆಸಿದವರು ಸಾರು ನೀರಾಯಿತೆಂದು ತೆಂಗಿನಹಾಲನ್ನೋ ಗೋಡಂಬಿಯನ್ನೋ ಅರೆದು ಹಾಕುತ್ತಾರೆ. ಅಲ್ಲಿಗೆ ಅಡುಗೆ ಬೇರೆಯೇ ಆಗಿಬಿಡುತ್ತದೆ.

ಇನ್ನು ನೆನೆಸುವ ವಿಚಾರ. ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಇಷ್ಟೇ: ತೊಳೆದ ಮಾಂಸಕ್ಕೆ ಉಪ್ಪು, ಅರಿಸಿನ, ಮೆಣಸಿನ ಪುಡಿ ತಿಕ್ಕಿ ಅರ್ಧ ಗಂಟೆಯೋ ಒಂದು ಗಂಟೆಯೋ ಇಡುವುದು. ಇದು ಸರಿಯಾದ ಕ್ರಮ. ಉಪ್ಪು ನಿಧಾನಕ್ಕೆ ಒಳಗಿಳಿಯುತ್ತದೆ, ಮಾಂಸ ತನ್ನ ನೀರನ್ನು ಹಿಡಿದುಕೊಳ್ಳಲು ನೆರವಾಗುತ್ತದೆ. ಹುಳಿಯ ಕಥೆ ಬೇರೆ. ಎಷ್ಟು ಹೊತ್ತು ಇಟ್ಟರೂ ಅದರ ಕೆಲಸ ಮೇಲಿನ ಕೆಲವೇ ಮಿಲಿಮೀಟರಿನಲ್ಲಿ ಮುಗಿದುಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೊರಗಿನ ಪದರ ಹಿಟ್ಟುಹಿಟ್ಟಾಗುತ್ತದೆ, ಒಳಗಿನ ನಾರು ಇದ್ದ ಹಾಗೇ ಇರುತ್ತದೆ. ಗಟ್ಟಿ ತುಂಡನ್ನು ಮೆತ್ತಗೆ ಮಾಡುವುದು ಬಿಸಿ ಮತ್ತು ಹೊತ್ತು. ಕೆಲವು ಮನೆಗಳಲ್ಲಿ ಮೊದಲೇ ಒಂದಿಷ್ಟು ಕಾಚಂಪುಳಿ ಸವರುವುದುಂಟು. ವಾಸನೆ ತೆಗೆಯಲು ಅಷ್ಟು ಸಾಕು, ಅದರಲ್ಲಿ ತಪ್ಪೇನಿಲ್ಲ. ಮೆತ್ತಗಾಗಲೆಂದು ರಾತ್ರಿಯಿಡೀ ಹುಳಿಯಲ್ಲಿ ಮುಳುಗಿಸಿಡುವುದು ಮಾತ್ರ ವ್ಯರ್ಥ.

ಗೋವೆಯ ವಿಂದಾಲೂ ನಿಜಕ್ಕೂ ನೆನೆಸುವ ಅಡುಗೆ. ಪೋರ್ಚುಗೀಸರು ದ್ರಾಕ್ಷಾರಸ, ಬೆಳ್ಳುಳ್ಳಿಯಲ್ಲಿ ಮಾಂಸ ಇಡುತ್ತಿದ್ದ ಪದ್ಧತಿಯಿಂದ ಬಂದದ್ದು ಅದು. ಅಲ್ಲಿ ವಿನಿಗರ್ ಮೊದಲಿನಿಂದಲೂ ಮಾಂಸದ ಜೊತೆಗಿರುತ್ತದೆ. ಮಂಗಳೂರು ಕ್ಯಾಥೊಲಿಕರ ದುಕ್ರಾ ಮಾಸ್‌ನಲ್ಲಿಯೂ ಬಫಾತ್ ಪುಡಿಯ ಜೊತೆ ವಿನಿಗರ್ ಇರುತ್ತದೆ. ಎರಡೂ ಒಳ್ಳೆಯ ಅಡುಗೆಗಳೇ. ಅವುಗಳ ಕ್ರಮವನ್ನು ಪಂದಿಕರಿಗೆ ಹೊರಿಸುವುದು, ಕಾಚಂಪುಳಿ ಸಿಗಲಿಲ್ಲವೆಂದು ವಿನಿಗರ್ ಸುರಿಯುವುದು ಒಪ್ಪತಕ್ಕ ಮಾತಲ್ಲ.

ಯಾಕೆಂದರೆ ಕಾಚಂಪುಳಿಯ ಗುಣವೇ ಬೇರೆ. ಮಳೆಗಾಲದಲ್ಲಿ ಹಣ್ಣಾಗುವ ಪಣಂಪುಳಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಾಕಿಟ್ಟರೆ ಹಣ್ಣು ಕಳಿತು ರಸ ತಾನಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಆ ರಸವನ್ನು ಕುದಿಸಿ ಕುದಿಸಿ ಇಂಗಿಸಿದರೆ ಕಪ್ಪಾದ, ಮಂದವಾದ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಇದೇ ಮರದ ಹಣ್ಣಿನ ಸಿಪ್ಪೆಯನ್ನು ಒಣಗಿಸಿ, ಹೊಗೆ ಕೊಟ್ಟು ಕೇರಳದವರು ಕುಡಂಪುಳಿ ಮಾಡಿ ಮೀನಿಗೆ ಹಾಕುತ್ತಾರೆ. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ವಿನಿಗರ್‌ನ ಅಸೆಟಿಕ್ ಆಮ್ಲ ಬಿಸಿಗೆ ಆವಿಯಾಗಿ ಮೂಗಿಗೆ ಹೊಡೆಯುತ್ತದೆ. ಕಾಚಂಪುಳಿಯ ಹುಳಿ ಹಾಗೆ ಹಾರಿಹೋಗುವುದಿಲ್ಲ. ಸಾರಿನಲ್ಲೇ ನಿಂತು ನಾಲಗೆಯ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ನೆಣದ ಜಿಡ್ಡನ್ನು ಕತ್ತರಿಸಲೆಂದೇ ಅದು ಅಲ್ಲಿರುವುದು. ನೆಣವಿಲ್ಲದ ಮಾಂಸಕ್ಕೆ ಕಾಚಂಪುಳಿ ಹಾಕಿದರೆ ಬರುವುದು ಬರೀ ಹುಳಿ.

ಮಸಾಲೆಯಲ್ಲೂ ಇದೇ ಲೆಕ್ಕ. ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಸಾಸಿವೆ, ಕೆಲವೇ ಕಾಳು ಮೆಂತ್ಯ: ಇಷ್ಟನ್ನು ಎಣ್ಣೆಯಿಲ್ಲದೆ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವ ತನಕ ಹುರಿಯುತ್ತಾರೆ. ಈ ಹುರಿತವೇ ಅಡುಗೆಯವರ ನಿಜವಾದ ಪರೀಕ್ಷೆ. ಕೊತ್ತಂಬರಿ ಮೊದಲು ಕಂದಾಗುತ್ತದೆ, ಆಮೇಲೆ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ, ಸಾಸಿವೆ ಸಿಡಿಯುತ್ತದೆ, ಹೊಗೆ ಏಳತೊಡಗುತ್ತದೆ. ಆ ಘಳಿಗೆಯಲ್ಲಿ ಒಲೆಯಿಂದ ಇಳಿಸಿ ಬೇರೆ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಮೆಂತ್ಯ ಸುಟ್ಟು ಇಡೀ ಪುಡಿ ಕಹಿಯಾಗುತ್ತದೆ. ಮಸಾಲೆ ಕಪ್ಪಾಗಿರಬೇಕು, ಕರಕಲಾಗಬಾರದು. ಮೊದಲೇ ಕಟ್ಟಿದ ಪೊಟ್ಟಣದ ಪುಡಿಯಲ್ಲಿ ಬಣ್ಣ ಸಿಗುತ್ತದೆ. ಆಗಷ್ಟೇ ಹುರಿದ ಕರಿಮೆಣಸಿನ ಘಾಟು ಸಿಗುವುದಿಲ್ಲ. ತೋಟದ ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿರುವ ನಾಡಿನಲ್ಲಿ ಪೊಟ್ಟಣಕ್ಕೆ ಕೈಚಾಚುವುದು ನೋಡಲು ಬೇಸರ.

ಮಡಕೆಯ ಕೆಲಸ ಹೀಗೆ ಸಾಗುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಜಜ್ಜಿ ಸ್ವಲ್ಪವೇ ಎಣ್ಣೆಯಲ್ಲಿ ಬಾಡಿಸಿ ಮಾಂಸ ಹಾಕುತ್ತಾರೆ. ಮೊದಲು ಮಾಂಸ ತನ್ನ ನೀರು ಬಿಡುತ್ತದೆ. ಆ ನೀರು ಇಂಗುವ ತನಕ ಮುಚ್ಚದೆ ಕೈಯಾಡಿಸಬೇಕು. ಹಸಿ ವಾಸನೆ ಹೋಗುವುದು ಈಗಲೇ. ಆಮೇಲೆ ನೆಣ ಕರಗಿ ಅಂಚಿನಲ್ಲಿ ಎಣ್ಣೆ ತೇಲುತ್ತದೆ, ಸದ್ದು ಬದಲಾಗುತ್ತದೆ, ಕೊತಕೊತ ಹೋಗಿ ಚಟಪಟ ಬರುತ್ತದೆ. ಆಗ ಬಿಸಿನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಮೇಲೆ ಬಿಡಬೇಕು. ಬೆಂದಿದೆಯೇ ಎಂದು ನೋಡಲು ಮಾಂಸವನ್ನು ಒತ್ತಿ ಪ್ರಯೋಜನವಿಲ್ಲ, ಚರ್ಮವನ್ನು ಒತ್ತಬೇಕು. ಸೌಟಿನ ಅಂಚು ಚರ್ಮದೊಳಕ್ಕೆ ಸಲೀಸಾಗಿ ಇಳಿದರೆ ಒಳಗಿನದೆಲ್ಲ ಆಗಲೇ ಬೆಂದಿರುತ್ತದೆ. ಆಮೇಲೆ ಕಪ್ಪು ಪುಡಿ. ಎಲ್ಲದರ ಕೊನೆಗೆ, ಒಂದು ಕಿಲೋ ಮಾಂಸಕ್ಕೆ ಒಂದೆರಡು ದೊಡ್ಡ ಚಮಚದಷ್ಟು ಕಾಚಂಪುಳಿ. ಹಾಕಿದೊಡನೆ ಕಂದು ಸಾರು ಕಪ್ಪಿಗೆ ತಿರುಗುತ್ತದೆ. ನಾಲ್ಕೈದು ನಿಮಿಷ ಕುದಿಸಿ ಇಳಿಸಿದರೆ ಆಯಿತು. ಹಂದಿ ಮಾಂಸ ಅರೆಬರೆ ಬೇಯಬಾರದು ಎಂಬ ಆರೋಗ್ಯದ ನಿಯಮವೂ ಈ ಸಾವಕಾಶದಲ್ಲೇ ಪಾಲನೆಯಾಗುತ್ತದೆ.

ಮನೆಯ ಕ್ರಮವೆಲ್ಲ ದೋಷವಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಕುಕ್ಕರ್ ಬಂದ ಮೇಲೆ ನೀರು ಇಂಗಿಸುವ ಹಂತವನ್ನೇ ಹಲವರು ಬಿಟ್ಟಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಸೀಟಿ ಹೊಡೆಸುತ್ತಾರೆ. ಮಾಂಸ ಬೇಯುತ್ತದೆ ನಿಜ, ಆದರೆ ಹಸಿ ವಾಸನೆ ಸಾರಿನಲ್ಲೇ ಉಳಿಯುತ್ತದೆ. ಸಂಜೆ ಕೆಲಸದಿಂದ ಬಂದು ಅಡುಗೆ ಮಾಡುವವರು ಕುಕ್ಕರ್ ಬಳಸಲಿ, ಬೇಡ ಎನ್ನಲಾಗದು. ಮೊದಲು ನೀರು ಇಂಗಿಸಿ, ನೆಣ ಬಿಡಿಸಿ, ಆಮೇಲೆ ಮುಚ್ಚಳ ಹಾಕಿದರೆ ನಷ್ಟ ಕಡಿಮೆ. ಇನ್ನೊಂದು ದೋಷ, ಕಾಚಂಪುಳಿ ಹೆಚ್ಚು ಹಾಕಿದರೆ ಹೆಚ್ಚು ಕೊಡಗಿನದಾಗುತ್ತದೆ ಎಂಬ ಭ್ರಮೆ. ಹುಳಿ ಮುಂದೆ ಬಂದರೆ ಮೆಣಸು ಹಿಂದೆ ಬೀಳುತ್ತದೆ. ಮೂರನೆಯದು ನೆಣದ ಪ್ರಮಾಣ. ಅರ್ಧಕ್ಕರ್ಧ ನೆಣವಿದ್ದರೆ ಯಾವ ಹುಳಿಯೂ ಅದನ್ನು ಸಂಭಾಳಿಸಲಾರದು. ತೇಲುವ ಎಣ್ಣೆಯನ್ನು ತೆಗೆದುಬಿಡಲು ಸಂಕೋಚ ಬೇಡ.

ಎಲ್ಲಕ್ಕಿಂತ ಕಳವಳದ ವಿಷಯ ಕಾಚಂಪುಳಿಯದು. ಪ್ರವಾಸಿಗರ ಬೇಡಿಕೆ ಏರಿದಂತೆ ವಿನಿಗರ್ ಬೆರೆಸಿದ ತೆಳು ದ್ರವ ಅದೇ ಹೆಸರಿನಲ್ಲಿ ಮಾರಾಟವಾಗುವುದುಂಟು. ಬಾಟಲಿ ಓರೆ ಮಾಡಿ ನೋಡಿ, ಒಳ್ಳೆಯದಾದರೆ ಮಂದವಾಗಿ ಹರಿದು ಗಾಜಿಗೆ ಅಂಟುತ್ತದೆ. ಮೂಸಿದರೆ ಮೂಗಿಗೆ ಚುಚ್ಚುವುದಿಲ್ಲ. ಇದನ್ನು ತಯಾರಿಸುವ ಮನೆಗಳು ಮಳೆಗಾಲದ ತಿಂಗಳುಗಳಲ್ಲಿ ಹಣ್ಣು ಹೆಕ್ಕಿ, ಸೌದೆ ಉರಿಸಿ ಪಡುವ ಶ್ರಮಕ್ಕೆ ತಕ್ಕ ಬೆಲೆ ಕೊಡದೆ ಇದ್ದರೆ ಮರಗಳೂ ಉಳಿಯುವುದಿಲ್ಲ, ಕೈಗಳೂ ಉಳಿಯುವುದಿಲ್ಲ.

ಕೈಲ್ ಪೊಳ್ದ್ ಹಬ್ಬದ ದಿನ ಆಯುಧಪೂಜೆ ಮುಗಿದ ಮೇಲೆ ಕಡುಂಬುಟ್ಟಿನ ಜೊತೆ ಬಡಿಸುವ ಪಂದಿಕರಿಯನ್ನು ಉಂಡವರಿಗೆ ಇದರ ಜೋಡಿ ಯಾಕೆ ಹೊಂದುತ್ತದೆಂದು ವಿವರಿಸಬೇಕಿಲ್ಲ. ಕಡುಂಬುಟ್ಟು ಎಂಬ ತರಿಯಕ್ಕಿಯ ಉಂಡೆಗೆ ತನ್ನದೇ ರುಚಿ ಕಡಿಮೆ. ಅದು ಕಪ್ಪು ಸಾರನ್ನು ಹೀರಿಕೊಂಡು ಹುಳಿ, ಖಾರ, ಜಿಡ್ಡು ಮೂರನ್ನೂ ಸಮ ಮಾಡುತ್ತದೆ. ಬೆಣ್ಣೆ ನಾನ್ ಜೊತೆ ಬಡಿಸಿದಾಗ ಜಿಡ್ಡಿಗೆ ಜಿಡ್ಡು ಸೇರುತ್ತದೆ, ಆ ಸಮತೋಲ ಕೆಡುತ್ತದೆ.

ನನ್ನ ತೀರ್ಮಾನ ಸ್ಪಷ್ಟ. ಪಂದಿಕರಿ ದುಬಾರಿ ತುಂಡನ್ನು ಬೇಡುವ ಅಡುಗೆಯಲ್ಲ, ಕಡಿಮೆ ಬೆಲೆಯ ತುಂಡಿನ ಗುಣವನ್ನು ಹೊರಗೆ ತರುವ ಅಡುಗೆ. ಅದರ ಚರ್ಮ, ನೆಣ, ಕಪ್ಪು ಹುರಿತ, ಕೊನೆಯ ಹುಳಿ ಒಂದಕ್ಕೊಂದು ಆಧಾರ; ಒಂದನ್ನು ತೆಗೆದರೆ ಉಳಿದವು ನಿಲ್ಲುವುದಿಲ್ಲ. ಮುಂದಿನ ಸಲ ಮಾಂಸ ತರುವಾಗ ಚರ್ಮವಿರುವ ಹೊಟ್ಟೆಯ ಭಾಗವನ್ನೇ ಕೇಳಿ. ಉಪ್ಪು, ಅರಿಸಿನ ತಿಕ್ಕಿ ಒಂದು ಗಂಟೆ ಇಡಿ, ಕಾಚಂಪುಳಿಯ ಬಾಟಲಿಯನ್ನು ಕೊನೆಯ ಐದು ನಿಮಿಷದ ತನಕ ಮುಟ್ಟಬೇಡಿ. ಉಳಿದದ್ದನ್ನು ಸಣ್ಣ ಉರಿ ನೋಡಿಕೊಳ್ಳುತ್ತದೆ.