ಹಲಗೂರಿಗೆ ಹೊರಟ ಹುಡುಗ

ಗುರುವಿನ ಹತ್ತಿರ ಸಿದ್ಧಿ ಕಲಿತ ಹುಡುಗ, ಎದುರಿಗೆ ಬಲಾಢ್ಯ ಮನೆತನಗಳು, ಹೆಜ್ಜೆಹೆಜ್ಜೆಗೂ ಪರೀಕ್ಷೆ: ಚೀನಾದ, ಅಮರತ್ವಕ್ಕಾಗಿ ಸಾಧನೆ ಮಾಡುವವರ ಕಾದಂಬರಿಗಳನ್ನು ನಮ್ಮ ಹುಡುಗರು ಈಗ ಮೊಬೈಲಿನಲ್ಲಿ ನಿದ್ದೆಗೆಟ್ಟು ಓದುತ್ತಾರೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ನೀಲಗಾರರೆಂಬ ಹಾಡುಗಾರರು ಇಂಥದ್ದೇ ಕಥೆಯನ್ನು ತಲೆಮಾರುಗಳಿಂದ ಹಾಡುತ್ತಿದ್ದಾರೆ. ಅದು ಮಂಟೇಸ್ವಾಮಿ ಕಾವ್ಯ.

ಅದರ ಸಿದ್ದಪ್ಪಾಜಿ ಸಾಲು, ಅಂದರೆ ಸಿದ್ದಪ್ಪಾಜಿಯ ಕಥೆಯ ಭಾಗ, ನನಗೆ ಅಚ್ಚುಮೆಚ್ಚು. ನಿಡುಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿ. ಗುರು ಮಂಟೇಸ್ವಾಮಿ ಅವನನ್ನು ಹಟ ಹಿಡಿದು ಶಿಷ್ಯನಾಗಿ ಪಡೆಯುತ್ತಾನೆ, ಕಠಿಣ ಸಾಧನೆಗೆ ಒಡ್ಡುತ್ತಾನೆ, ಕಡೆಗೆ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಕಳಿಸುತ್ತಾನೆ. ಅಲ್ಲಿರುವವರು ಕುಲುಮೆಯ ಒಡೆಯರಾದ ಪಾಂಚಾಳರು, ಅಂದರೆ ಹುಡುಗನ ಸ್ವಂತ ಕುಲದವರೇ! ಕೊಡುವುದಿಲ್ಲ ಎನ್ನುತ್ತಾರೆ, ಪವಾಡದ ಮೇಲೆ ಪವಾಡ ಕೇಳುತ್ತಾರೆ. ಶತ್ರು ಹೊರಗಿನವನಲ್ಲ ಎಂಬ ಈ ತಿರುವೇ ಕಥೆಯ ಜೀವ.

ಹಾಡುವ ಕಸುಬು ಇನ್ನೂ ದೊಡ್ಡದು. ಮುಂದಾಳು ತಂಬೂರಿ ಮೀಟುತ್ತ, ಗಗ್ಗರ ಕುಣಿಸುತ್ತ ಗುರುವೂ ಆಗುತ್ತಾನೆ, ಹುಡುಗನಿಗಾಗಿ ಅಳುವ ತಾಯಿ ಮುದ್ದಮ್ಮನೂ ಆಗುತ್ತಾನೆ, ಸೊಕ್ಕಿನ ಪಾಂಚಾಳನೂ ಆಗುತ್ತಾನೆ. ಪದ ಸಟ್ಟನೆ ಮಾತಾಗುತ್ತದೆ, ಮಾತು ಮತ್ತೆ ಪದವಾಗುತ್ತದೆ. ಹಿಮ್ಮೇಳದವರು ಡಕ್ಕಿ, ತಾಳದೊಂದಿಗೆ ಸೊಲ್ಲು ಎತ್ತಿಕೊಳ್ಳುತ್ತಾರೆ. ಪುಸ್ತಕದ ಆಸರೆಯಿಲ್ಲ. ಕೇಳುವವರು ತೂಕಡಿಸಿದರೆ ಒಂದು ತಮಾಷೆ, ಕಣ್ಣು ಒದ್ದೆಯಾದರೆ ಒಂದು ನಿಲುಗಡೆ. ಈ ಹದ ಅಚ್ಚಿನಲ್ಲಿ ಸಿಕ್ಕುವುದಿಲ್ಲ, ಕಾವ್ಯ ಪುಸ್ತಕವಾಗಿ ಬಂದಿದ್ದರೂ.

ಸಿದ್ದಪ್ಪಾಜಿಯ ಗದ್ದುಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಯಲ್ಲಿ ಚಂದ್ರಮಂಡಲವೆಂಬ ಜ್ಯೋತಿ ಹೊತ್ತಿಸುತ್ತಾರೆ. ಹೋಗಿ ಬನ್ನಿ, ರಾತ್ರಿ ಉಳಿದು ಕಥೆ ಕೇಳಿ.