ಕಾಕನಕೋಟೆಯ ಬಿಸಿಲು, ಡೆನ್ಹಮ್ಮಿನ ದೀಪ

ಲಂಡನ್ನಿನ ಎಜ್‌ವೇರಿನಲ್ಲಿ 292ನೇ ನಂಬರಿನ ಬಸ್ಸು ಹತ್ತಿ ಉತ್ತರಕ್ಕೆ ಹೊರಟರೆ, ಹೊಲಗಳ ಹಸಿರು ಕಣ್ಣಿಗೆ ಬೀಳುವಷ್ಟರಲ್ಲಿ ಬೋರ್‌ಹ್ಯಾಮ್‌ವುಡ್ ಬಂದುಬಿಡುತ್ತದೆ. ಎಲ್‌ಸ್ಟ್ರೀ ಸ್ಟುಡಿಯೊ ಎಂದು ಜಗತ್ತೆಲ್ಲ ಕರೆಯುವ ಸ್ಟುಡಿಯೊ ಇರುವುದು ಎಲ್‌ಸ್ಟ್ರೀಯಲ್ಲಲ್ಲ, ಇಲ್ಲಿ. ಸಿನಿಮಾದವರು ಊರಿನ ಹೆಸರಿನಿಂದಲೇ ವೇಷ ಕಟ್ಟಲು ಶುರುಮಾಡುತ್ತಾರೆ ಎಂದು ಪ್ರತಿ ಸಲವೂ ನನಗೆ ನಗು ಬರುತ್ತದೆ. ಎಜ್‌ವೇರಿಗೆ 1924ರಲ್ಲಿ ಬಂದ ಸುರಂಗ ರೈಲನ್ನು ಎಲ್‌ಸ್ಟ್ರೀ ದಾಟಿ ಬುಷಿ ಹೀತ್‌ವರೆಗೆ ಎಳೆಯುವ ಯೋಜನೆಯೂ ಇತ್ತು. ಎರಡನೇ ಮಹಾಯುದ್ಧ ಬಂತು, ಕೆಲಸ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. ಹಾಗಾಗಿ ನಾವು ಎಜ್‌ವೇರಿನವರು ಸಿನಿಮಾದ ಊರಿಗೆ ಇಂದಿಗೂ ಬಸ್ಸಿನಲ್ಲೇ ಹೋಗುತ್ತೇವೆ.

ಈ ಬೋರ್‌ಹ್ಯಾಮ್‌ವುಡ್‌ನ ಬ್ರಿಟಿಷ್ ಅಂಡ್ ಡೊಮಿನಿಯನ್ಸ್ ಸ್ಟುಡಿಯೊದಲ್ಲಿ 1933ರಲ್ಲಿ ಒಂದು ಚಿತ್ರ ತಯಾರಾಯಿತು: ‘ದ ಪ್ರೈವೇಟ್ ಲೈಫ್ ಆಫ್ ಹೆನ್ರಿ ದ ಎಯ್ತ್’. ಅದನ್ನು ನಿರ್ದೇಶಿಸಿ ನಿರ್ಮಿಸಿದವನು ಹಂಗೇರಿಯ ಅಲೆಕ್ಸಾಂಡರ್ ಕೊರ್ಡಾ. ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ಬಂತು, ಬ್ರಿಟಿಷ್ ಸಿನಿಮಾಕ್ಕೆ ಅಮೆರಿಕದ ಬಾಗಿಲು ತೆರೆಯಿತು. ಎರಡು ವರ್ಷ ಕಳೆಯುವುದರೊಳಗೆ ಅದೇ ಕೊರ್ಡಾನ ದುಡ್ಡು ನಮ್ಮ ಮೈಸೂರಿಗೆ, ಕಬಿನಿಯ ದಡದ ಕಾಡಿಗೆ ಬಂದು ನಿಂತಿತು. ಇಲ್ಲದಿದ್ದರೆ ಅವನ ಬಗ್ಗೆ ಕನ್ನಡದಲ್ಲಿ ಬರೆಯುವ ದರ್ದು ನನಗಿರುತ್ತಿರಲಿಲ್ಲ.

ನಿರ್ಮಾಪಕ ಎಂದರೆ ನಮ್ಮಲ್ಲಿ ದುಡ್ಡು ಹಾಕುವವರು. ಆದರೆ ದುಡ್ಡು ಹಾಕುವವರಿಗೆಲ್ಲ ಪರಂಪರೆ ಹುಟ್ಟುವುದಿಲ್ಲ. ಗುಬ್ಬಿ ವೀರಣ್ಣನವರದು ಪರಂಪರೆ. 1934ರ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದು ನಿಲ್ಲಿಸಿದ ಆ ಎದೆಗಾರಿಕೆ ಲೆಕ್ಕದ ಪುಸ್ತಕದಿಂದ ಬಂದದ್ದಲ್ಲ. ಕೊರ್ಡಾ ಅದೇ ಜಾತಿಯವನು. ಚಿತ್ರ ಯಾರ ಕೈಯಲ್ಲಿ ಕ್ಯಾಮೆರಾ ಇದೆಯೋ ಅವರದಲ್ಲ, ಅದನ್ನು ಕಲ್ಪಿಸಿ, ಜನರನ್ನು ಕೂಡಿಸಿ, ಬೇಡವೆನಿಸಿದಾಗ ಕತ್ತರಿಸಿ, ಸಾಲ ತಂದು ಮುಗಿಸುವವನದು ಎಂಬ ಹಾಲಿವುಡ್‌ನ ನಿರ್ಮಾಪಕ ಪಂಥವನ್ನು ಲಂಡನ್ನಿನಲ್ಲಿ ನೆಟ್ಟವನು. ನನ್ನ ಮಟ್ಟಿಗೆ ಆ ಪಂಥದ ಅಸಲು ಕಸುಬು ಬೇರೆ: ಮನುಷ್ಯರಿಗೆ ಹೊಸ ಹುಟ್ಟೂರು ಕೊಡುವುದು. ಆ ಕೆಲಸವನ್ನು ಕೊರ್ಡಾ ಮೊದಲು ತನ್ನ ಮೇಲೆಯೇ ಮಾಡಿಕೊಂಡ.

1893ರಲ್ಲಿ ಹಂಗೇರಿಯ ಬಯಲುಸೀಮೆಯ ಹಳ್ಳಿಯೊಂದರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದಾಗ ಅವನ ಹೆಸರು ಶಾಂಡೊರ್ ಕೆಲ್ನರ್. ಪತ್ರಿಕೆಗೆ ಬರೆಯಲು ಶುರುಮಾಡಿದ ಹುಡುಗ, ಚರ್ಚಿನ ಲ್ಯಾಟಿನ್ ಪ್ರಾರ್ಥನೆಯ ಒಂದು ಪದವನ್ನು ಎತ್ತಿಕೊಂಡು ಕೊರ್ಡಾ ಆದ. ತಮ್ಮಂದಿರಾದ ಜೋಲ್ಟಾನ್, ವಿನ್ಸೆಂಟ್ ಕೂಡ ಅದೇ ಹೆಸರಿಗೆ ಬಂದರು. ಬುಡಾಪೆಸ್ಟಿನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ. 1919ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿದ್ದು ಅದರ ವಿರೋಧಿ ಹೊರ್ತಿಯ ಕಡೆಯವರು ಬಂದಾಗ ಬಂಧನಕ್ಕೊಳಗಾದ, ಬಿಡುಗಡೆಯಾದ ಮೇಲೆ ದೇಶ ಬಿಟ್ಟ. ವಿಯೆನ್ನಾ, ಬರ್ಲಿನ್, ನಾಲ್ಕು ವರ್ಷ ಹಾಲಿವುಡ್, ಆಮೇಲೆ ಪ್ಯಾರಿಸ್. 1932ರಲ್ಲಿ ಲಂಡನ್ನಿನಲ್ಲಿ ಕಂಪನಿ ಹುಟ್ಟುಹಾಕಿ ಅದಕ್ಕೆ ‘ಲಂಡನ್ ಫಿಲ್ಮ್ಸ್’ ಎಂದು ಹೆಸರಿಟ್ಟು, ಬಿಗ್ ಬೆನ್ ಗಡಿಯಾರವನ್ನೇ ಲಾಂಛನ ಮಾಡಿಕೊಂಡ. ಇಂಗ್ಲಿಷ್ ಉಚ್ಚಾರಣೆ ಕೊನೆಯವರೆಗೂ ಹಂಗೇರಿಯದೇ ಆಗಿದ್ದವನು ಇಂಗ್ಲೆಂಡಿನ ಗಡಿಯಾರವನ್ನು ತನ್ನದೆಂದು ಬಾರಿಸಿದ. ಎಜ್‌ವೇರಿಗೆ ಆ ಕಾಲದಲ್ಲಿ ಬಂದು ನೆಲೆಸಿದ ಯಹೂದಿ ಮನೆಗಳಿಗೂ, ಆಮೇಲೆ ಬಂದ ನಮ್ಮಂಥವರಿಗೂ ಈ ಉಮೇದು ಅಪರಿಚಿತವೇನಲ್ಲ. ನಾವು ಅದನ್ನು ಮನೆಯ ಮುಂಬಾಗಿಲಿನಲ್ಲಿ ಮಾಡುತ್ತೇವೆ, ಅವನು ಬೆಳ್ಳಿತೆರೆಯ ಮೇಲೆ ಮಾಡಿದ.

ಹೆನ್ರಿಯ ಗೆಲುವು ನೋಡಿ ಪ್ರುಡೆನ್ಷಿಯಲ್ ವಿಮಾ ಕಂಪನಿ ಹಣದ ಚೀಲ ಬಿಚ್ಚಿತು. ಬಕಿಂಗ್‌ಹ್ಯಾಮ್‌ಷೈರಿನ ಡೆನ್ಹಮ್‌ನಲ್ಲಿ 165 ಎಕರೆಯ ಜಾಗದಲ್ಲಿ ದೊಡ್ಡ ಸ್ಟುಡಿಯೊ ಎದ್ದಿತು, 1936ರಲ್ಲಿ ಕೆಲಸ ಶುರುವಾಯಿತು. ಹಾಲಿವುಡ್‌ನ ಯುನೈಟೆಡ್ ಆರ್ಟಿಸ್ಟ್ಸ್ ಹಂಚಿಕೆ ಸಂಸ್ಥೆ ಅವನನ್ನು ಪಾಲುದಾರನನ್ನಾಗಿ ಮಾಡಿಕೊಂಡಿತು. ಒಂದು ಗೆದ್ದ ಚಿತ್ರದ ಮೇಲೆ ಅಷ್ಟೆಲ್ಲ ಕಟ್ಟಿದ್ದು. ಗಾಂಧಿನಗರದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನ ಕತೆಗೆ ಬರುತ್ತೇನೆ. ಕಿಪ್ಲಿಂಗ್‌ನ ‘ಜಂಗಲ್ ಬುಕ್’ನಲ್ಲಿ ತೂಮಾಯಿ ಎಂಬ ಮಾವುತನ ಮಗನ ಕತೆಯಿದೆ. ಅದು ನಡೆಯುವುದು ಅಸ್ಸಾಂ ಕಡೆಯ ಗಾರೋ ಬೆಟ್ಟಗಳಲ್ಲಿ. ಕೊರ್ಡಾ ಅದನ್ನು ಸಿನಿಮಾ ಮಾಡಲು ‘ನಾನೂಕ್’ ಖ್ಯಾತಿಯ ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿಯನ್ನು 1935ರಲ್ಲಿ ಕಳಿಸಿದ್ದು ಮೈಸೂರಿಗೆ. ಆನೆಗಳಿದ್ದವು, ಕಾಡಾನೆ ಹಿಡಿಯುವ ಖೆಡ್ಡಾ ಇತ್ತು, ಸಹಕರಿಸುವ ಅರಮನೆ ಇತ್ತು. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಶುರುಮಾಡಿದ ಖೆಡ್ಡಾ, ಕಬಿನಿ ದಡದ ಕಾಕನಕೋಟೆಯಲ್ಲಿ ಅಷ್ಟರೊಳಗೆ ರಾಜ್ಯದ ದೊಡ್ಡ ದೃಶ್ಯವೇ ಆಗಿಬಿಟ್ಟಿತ್ತು. ವೈಸರಾಯಿಗಳನ್ನು ಕರೆಸಿ ತೋರಿಸುವಂಥದ್ದು. ಅಂದರೆ ಮೈಸೂರು ಅರಮನೆಯೂ ಒಂದು ಬಗೆಯ ನಿರ್ಮಾಪಕನೇ. ಹಿಂಡನ್ನು ನೀರಿಗೆ ಅಟ್ಟುವ, ಪ್ರೇಕ್ಷಕರಿಗೆ ಅಟ್ಟಣೆ ಕಟ್ಟುವ ವಿದ್ಯೆ ಫ್ಲಾಹರ್ಟಿ ಬರುವ ಮೊದಲೇ ಅಲ್ಲಿತ್ತು. ಕಾರಾಪುರದ ಸತ್ತ ಮಾವುತನೊಬ್ಬನ ಮಗ, ಅರಮನೆಯ ಆನೆಲಾಯದ ಅನ್ನ ಉಣ್ಣುತ್ತಿದ್ದ ಹನ್ನೊಂದರ ಹುಡುಗ ಸಾಬು ಆ ತಂಡದ ಕಣ್ಣಿಗೆ ಬಿದ್ದ.

ಫ್ಲಾಹರ್ಟಿ ಒಂದು ವರ್ಷಕ್ಕೂ ಹೆಚ್ಚು ಕಾಲ ಚಿತ್ರೀಕರಿಸಿದ. ಮಳೆ, ಆನೆ, ಕಾಡು, ಹುಡುಗ. ಕತೆ ಮಾತ್ರ ಇಲ್ಲ. ಲಂಡನ್ನಿಗೆ ರೀಲುಗಳ ರಾಶಿ ಬಂದು ಬೀಳುತ್ತಲೇ ಇತ್ತು, ಕೊರ್ಡಾ ತಲೆ ಕೆಡಿಸಿಕೊಂಡ. 1936ರಲ್ಲಿ ಎಲ್ಲರನ್ನೂ ವಾಪಸು ಕರೆಸಿದ. ಸಾಬು ತನ್ನ ಅಣ್ಣನೊಂದಿಗೆ ಇಂಗ್ಲೆಂಡಿಗೆ ಬಂದ. ಡೆನ್ಹಮ್‌ನಲ್ಲಿ ಕಾಡು ಎದ್ದಿತು. ಜೋಲ್ಟಾನ್ ಕತೆಯ ಭಾಗವನ್ನು ಇಲ್ಲಿ ಚಿತ್ರೀಕರಿಸಿ ಮೈಸೂರಿನ ರೀಲಿಗೆ ಹೊಲಿದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ವೆನಿಸ್ ಉತ್ಸವದಲ್ಲಿ ಫ್ಲಾಹರ್ಟಿ, ಜೋಲ್ಟಾನ್ ಇಬ್ಬರಿಗೂ ಸೇರಿ ನಿರ್ದೇಶನದ ಪ್ರಶಸ್ತಿ ಬಂತು. ಇದು ನನಗೆ ತಮಾಷೆಯಾಗಿ ಕಾಣುತ್ತದೆ, ಯಾಕೆಂದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿದ್ದೇ ಆ ಚಿತ್ರದ ಇತಿಹಾಸ.

ಒಂದು ಚಳಿಗಾಲದ ಭಾನುವಾರ ಎಜ್‌ವೇರಿನ ನಮ್ಮ ಮನೆಯಲ್ಲಿ ಈ ಚಿತ್ರ ಹಾಕಿಕೊಂಡು ಕೂತಿದ್ದೆವು. ಜೊತೆಯಲ್ಲಿ ಕಾಕನಕೋಟೆ ಇರುವ ಹೆಗ್ಗಡದೇವನಕೋಟೆ ಕಡೆಯ ಗೆಳೆಯರೊಬ್ಬರಿದ್ದರು. ಸಿನಿಮಾ ವಿಮರ್ಶೆಯ ಗೊಡವೆಗೆ ಹೋದವರಲ್ಲ. ಅರ್ಧ ಗಂಟೆ ಸುಮ್ಮನಿದ್ದವರು, “ಇದು ನಮ್ ಕಡೆ ಬಿಸ್ಲು ಸಾರ್,” ಎಂದರು. ಇನ್ನೊಂದು ದೃಶ್ಯಕ್ಕೆ, “ಇದಲ್ಲ.” ಆಮೇಲೆ ಅದೊಂದು ಆಟವೇ ಆಯಿತು. ಇದು ಹೌದು, ಇದಲ್ಲ. ಕಪ್ಪುಬಿಳುಪಿನ ಹಳೆಯ ಪ್ರತಿ, ಆದರೂ ಹುಡುಗನ ಭುಜದ ಮೇಲೆ ಬಿದ್ದ ಬೆಳಕನ್ನು ನೋಡಿ ಅವರು ಬೇರ್ಪಡಿಸುತ್ತಿದ್ದರು. ಡೆನ್ಹಮ್‌ನ ದೃಶ್ಯಗಳಲ್ಲಿ ನೆರಳು ಎಲ್ಲೆಲ್ಲೋ ಬೀಳುತ್ತದೆ, ಎಲೆ ಅಲುಗುವುದಿಲ್ಲ, ದೊಡ್ಡ ಸಾಹೇಬರು ಇಂಗ್ಲಿಷ್ ರಂಗಭೂಮಿಯ ಗಂಟಲಿನಲ್ಲಿ ಮಾತಾಡುತ್ತಾರೆ. ಕಾಕನಕೋಟೆಯ ದೃಶ್ಯಗಳಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಸಾಬು ಆನೆಯ ಸೊಂಡಿಲು ಹಿಡಿದು ಮೇಲೇರುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿದ್ದಲ್ಲ.

ಆದರೆ ನ್ಯಾಯವಾಗಿ ಹೇಳಬೇಕು. ಫ್ಲಾಹರ್ಟಿಯ ಪಾಡಿಗೆ ಬಿಟ್ಟಿದ್ದರೆ ಆ ಚಿತ್ರ ಮುಗಿಯುತ್ತಲೇ ಇರಲಿಲ್ಲ ಎಂಬ ಅನುಮಾನ ನನ್ನದು. ಮುಗಿಯದ ಸತ್ಯಕ್ಕಿಂತ ಮುಗಿದ ಹೊಲಿಗೆ ಮೇಲು ಎನ್ನುವುದು ನಿರ್ಮಾಪಕನ ಧರ್ಮ. ಅದನ್ನು ಹಳಿಯುವ ನಿರ್ದೇಶಕರೆಲ್ಲ ಯಾವನಾದರೂ ಒಬ್ಬ ನಿರ್ಮಾಪಕನ ಅನ್ನ ಉಂಡವರೇ. ನನ್ನ ತಕರಾರು ಹೊಲಿದದ್ದಕ್ಕಲ್ಲ, ಹೊಲಿದ ಮೇಲೆ ಆ ಹುಡುಗನನ್ನು ಏನು ಮಾಡಿದರು ಎನ್ನುವುದಕ್ಕೆ.

ಕೊರ್ಡಾನ ಕಂಪನಿಯಲ್ಲಿ ಭಾರತದಲ್ಲಿ ಹುಟ್ಟಿದ ಇಬ್ಬರು ತಾರೆಗಳಿದ್ದರು. ಒಬ್ಬಳು ಹೆನ್ರಿಯ ಚಿತ್ರದಲ್ಲಿ ಆ್ಯನ್ ಬೊಲಿನ್ ರಾಣಿಯಾಗಿದ್ದ ಮರ್ಲ್ ಒಬೆರಾನ್, 1939ರಲ್ಲಿ ಕೊರ್ಡಾನ ಹೆಂಡತಿಯಾದವಳು. ಮುಂಬೈಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಆ್ಯಂಗ್ಲೊ ಇಂಡಿಯನ್ ಹುಡುಗಿ. ಪ್ರಚಾರದಲ್ಲಿ ಮಾತ್ರ ಆಸ್ಟ್ರೇಲಿಯಾದ ತಾಸ್ಮೇನಿಯಾದವಳು. ಆ ಸುಳ್ಳನ್ನು ಅವಳು 1979ರಲ್ಲಿ ಸಾಯುವವರೆಗೂ ಹೊತ್ತಳು. ಇನ್ನೊಬ್ಬ ಸಾಬು. ಅವನ ಹುಟ್ಟೂರನ್ನು ಮುಚ್ಚಲಿಲ್ಲ, ಹಿಗ್ಗಿಸಿದರು. ಪೇಟ ಕಟ್ಟಿಸಿದರು, ಮೈ ಬರಿದಾಗಿಸಿದರು, ಪೂರ್ವ ದೇಶಗಳಿಗೆಲ್ಲ ಅವನೊಬ್ಬನನ್ನೇ ಪ್ರತಿನಿಧಿ ಮಾಡಿದರು. ಒಂದೇ ದೇಶದಲ್ಲಿ ಹುಟ್ಟಿದ್ದು ಒಬ್ಬಳಿಗೆ ಕಳಂಕ, ಒಬ್ಬನಿಗೆ ಬಂಡವಾಳ. ನಿರ್ಧರಿಸಿದ್ದು ಚರ್ಮದ ಬಣ್ಣ ಎಷ್ಟೋ, ಮಾರುಕಟ್ಟೆ ಅಷ್ಟೇ. ಕೊರ್ಡಾನನ್ನು ಜನಾಂಗದ್ವೇಷಿ ಎನ್ನಲು ನನಗೆ ಮನಸ್ಸಿಲ್ಲ. ಹೆಸರು ಬದಲಿಸಿಕೊಂಡು ಬದುಕಿದವನಿಗೆ ಹುಟ್ಟು ಎಂಬುದೇ ವೇಷದ ಪೆಟ್ಟಿಗೆಯಲ್ಲಿನ ಒಂದು ಬಟ್ಟೆ. ಅವನಿಗೆ ಆ ಬಟ್ಟೆ ಬದಲಿಸುವ ಸ್ವಾತಂತ್ರ್ಯವಿತ್ತು, ಸಾಬುವಿಗೆ ಇರಲಿಲ್ಲ. ಈ ವ್ಯತ್ಯಾಸ ಅವನಿಗೆ ಕೊನೆಗೂ ಹೊಳೆಯಲಿಲ್ಲ.

ಅದಕ್ಕೇ ‘ದ ಡ್ರಮ್’ (1938) ಅಷ್ಟು ಕೆಟ್ಟದಾಗಿ ಹಳಸಿದೆ. ಅಲ್ಲಿ ಸಾಬು ವಾಯವ್ಯ ಗಡಿನಾಡಿನ ರಾಜಕುಮಾರ, ಬ್ರಿಟಿಷ್ ದಂಡಿನ ಪ್ರಾಣ ಉಳಿಸುವ ನಂಬಿಗಸ್ತ. ಮೈಸೂರಿನ ಮಾವುತನ ಮಗ ಪಠಾಣನಾದ, ವೇಲ್ಸಿನ ಗುಡ್ಡಗಳು ಗಡಿನಾಡಾದವು. ಮುಂಬೈಯಲ್ಲಿ ಪ್ರತಿಭಟನೆ ಎದ್ದಿತು, ‘ಫಿಲ್ಮ್‌ಇಂಡಿಯಾ’ದ ಬಾಬುರಾವ್ ಪಟೇಲ್ ಲೇಖನಿ ಮಸೆದರು, ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದಕ್ಕೂ ಮೊದಲಿನ ‘ಸ್ಯಾಂಡರ್ಸ್ ಆಫ್ ದ ರಿವರ್’ (1935) ಚಿತ್ರವನ್ನು ಅದರಲ್ಲಿ ನಟಿಸಿದ್ದ ಪಾಲ್ ರಾಬ್ಸನ್ನರೇ ತಮ್ಮದಲ್ಲವೆಂದರು. ‘ದ ಫೋರ್ ಫೆದರ್ಸ್’ (1939) ಸೇರಿಸಿದರೆ ಕೊರ್ಡಾನ ಸಾಮ್ರಾಜ್ಯ ಚಿತ್ರಗಳ ತ್ರಿವಳಿ ಪೂರ್ತಿ. ಆಶ್ರಯ ಕೊಟ್ಟ ದೇಶದ ಮೇಲೆ ನಿರಾಶ್ರಿತನಿಗೆ ಹುಟ್ಟುವ ಭಕ್ತಿ ಅಲ್ಲೇ ಹುಟ್ಟಿದವರ ಭಕ್ತಿಗಿಂತ ಗಾಢ. ಇಂಗ್ಲಿಷರೇ ಅಷ್ಟರಲ್ಲಿ ಸಂಕೋಚದಿಂದ ಹೇಳುತ್ತಿದ್ದುದನ್ನು ಕೊರ್ಡಾ ನಗಾರಿ ಬಾರಿಸಿ ಹೇಳಿದ.

ಈ ಪಂಥ ತನ್ನ ಉತ್ತಮ ಗಳಿಗೆಯಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ‘ದ ಥೀಫ್ ಆಫ್ ಬಗ್ದಾದ್’ (1940) ನೋಡಬೇಕು. ಯುದ್ಧ ಶುರುವಾಗಿ ಕೆಲಸ ಅರ್ಧಕ್ಕೆ ನಿಂತಾಗ ಕೊರ್ಡಾ ಇಡೀ ಚಿತ್ರವನ್ನು ಹಾಲಿವುಡ್‌ಗೆ ಹೊತ್ತೊಯ್ದು ಮುಗಿಸಿದ. ಹಲವು ನಿರ್ದೇಶಕರು ಕೈಯಾಡಿಸಿದರೂ ಚಿತ್ರ ಒಡೆದಿಲ್ಲ. ಮೂರು ಆಸ್ಕರ್ ಬಂದವು, ಕಲಾ ನಿರ್ದೇಶನದ್ದು ವಿನ್ಸೆಂಟನಿಗೆ. ಯಾವ ಊರೂ ಅಲ್ಲದ ಊರಿನಲ್ಲಿ ನಡೆಯುವ ಕತೆಯಾದ್ದರಿಂದ ಅಲ್ಲಿ ಸಾಬು ಯಾರ ಪ್ರತಿನಿಧಿಯೂ ಅಲ್ಲ. ಕಳ್ಳ, ತರಲೆ, ಸ್ವತಂತ್ರ. ಕೊನೆಗೆ ಅರಮನೆಯ ಬದುಕು ಬೇಡವೆಂದು ಚಾಪೆ ಹತ್ತಿ ಹಾರಿಹೋಗುತ್ತಾನೆ. ಪೂರ್ತಿ ಸುಳ್ಳಾದಾಗ ಮಾತ್ರ ಕೊರ್ಡಾ ಆ ಹುಡುಗನಿಗೆ ನ್ಯಾಯ ಮಾಡಿದ.

ನಮ್ಮವರೇನು ಕಡಿಮೆ ವೇಷ ಕಟ್ಟಿದವರಲ್ಲ. ಗುಬ್ಬಿ ಕಂಪನಿಯ ನಟ ಮುತ್ತುರಾಜು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ಹೊಸ ಹೆಸರು, ಹೊಸ ಹುಟ್ಟು. ಆದರೆ ಆ ವೇಷವನ್ನು ನೋಡಿ ಒಪ್ಪಬೇಕಾದವರು ಅವರದೇ ಭಾಷೆಯ ಜನ, ಗಾಜನೂರಿನ ಗಂಟಲು ಗೊತ್ತಿದ್ದವರು. ಸಾಬುವಿಗೆ ಆ ಪ್ರೇಕ್ಷಕವರ್ಗವೇ ಸಿಗಲಿಲ್ಲ. ಮಾಸ್ತಿಯವರ ‘ಕಾಕನಕೋಟೆ’ ನಾಟಕದಲ್ಲಿ, 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದಾಗಲೂ, ಅದೇ ಕಾಡಿನ ಜನ ಅರಸರೊಡನೆ ಮಾತಾಡುತ್ತಾರೆ, ವಾದಿಸುತ್ತಾರೆ. ಆ ಕಾಡಿನಿಂದ ಕೊರ್ಡಾ ತಂದದ್ದು ಆನೆ ಮತ್ತು ಹುಡುಗನನ್ನು. ವಾದವನ್ನು ಅಲ್ಲೇ ಬಿಟ್ಟ.

ಕೊರ್ಡಾನ ಮುಂದಿನ ಬದುಕು ಬೇಗ ಹೇಳಿ ಮುಗಿಸಬಹುದು. ಸಾಲ ಏರಿ ಡೆನ್ಹಮ್ ಕೈಬಿಟ್ಟಿತು. 1942ರಲ್ಲಿ ಸರ್ ಪದವಿ ಬಂತು. ‘ದ ಥರ್ಡ್ ಮ್ಯಾನ್’ (1949) ಗೆದ್ದಿತು, ಅವನ ಬ್ರಿಟಿಷ್ ಲಯನ್ ಕಂಪನಿಗೆ ಸರ್ಕಾರ ಕೊಟ್ಟ 30 ಲಕ್ಷ ಪೌಂಡ್ ಸಾಲ ಕರಗಿತು. 1956ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಎಜ್‌ವೇರಿನ ಪಕ್ಕದ ಕ್ಯಾನನ್ಸ್ ಪಾರ್ಕಿನಲ್ಲಿ ನಡೆಯುವಾಗಲೆಲ್ಲ ನನಗೆ ಅವನ ನೆನಪು. ಸೇನೆಯ ಖಜಾಂಚಿಯಾಗಿ ದುಡ್ಡು ಮಾಡಿದ ಚಾಂಡೋಸ್ ಡ್ಯೂಕ್ ಅಲ್ಲಿ ಅರಮನೆ ಕಟ್ಟಿ, 1717ರಲ್ಲಿ ಹ್ಯಾಂಡೆಲ್‌ನನ್ನು ಕರೆಸಿ ಸಂಗೀತ ಬರೆಸಿದ. ಷೇರಿನಲ್ಲಿ ದುಡ್ಡು ಕಳೆದ. 1747ರಲ್ಲಿ ಆ ಅರಮನೆಯನ್ನು ಕಲ್ಲು ಕಲ್ಲಾಗಿ ಹರಾಜು ಹಾಕಿದರು. ಸಂಗೀತ ಮಾತ್ರ ಉಳಿಯಿತು. ಎಜ್‌ವೇರಿನ ಸ್ಟೇಷನ್ ರಸ್ತೆಯ ರಿಟ್ಜ್ ಚಿತ್ರಮಂದಿರವೂ ಕೊನೆಕೊನೆಗೆ ಹಿಂದಿ ಚಿತ್ರಗಳನ್ನು ತೋರಿಸಿ ಈ ಶತಮಾನದ ಆರಂಭದಲ್ಲಿ ನೆಲಸಮವಾಯಿತು.

ಸಾಬು ಅಮೆರಿಕದ ಪ್ರಜೆಯಾದ, ಯುದ್ಧವಿಮಾನದ ಹಿಂಬದಿಯ ಬಂದೂಕು ಹಿಡಿದು ಪದಕ ಪಡೆದ. ಬರಬರುತ್ತ ಪಾತ್ರಗಳು ಸಣ್ಣವಾದವು. 1963ರ ಡಿಸೆಂಬರಿನಲ್ಲಿ, 39ನೇ ವಯಸ್ಸಿಗೆ, ಲಾಸ್ ಏಂಜಲಿಸ್‌ನಲ್ಲಿ ಹೃದಯಾಘಾತದಿಂದ ಸತ್ತ. ಅದಕ್ಕೂ ಮೊದಲು, 1950ರ ದಶಕದಲ್ಲಿ, ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಕರೆಸಿಕೊಂಡಿದ್ದರು. ಸಾಬು ಮುಂಬೈಗೆ ಬಂದು ಹೋಟೆಲಿನಲ್ಲಿ ಕಾದ. ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಅವನಿಗೆ ಸಿಗಲಿಲ್ಲ. ಪಾತ್ರ ಸುನೀಲ್ ದತ್‌ಗೆ ಹೋಯಿತು.